ದಿಬ್ಬದ ಬೀದಿಗೆ ಒಂದು ಗಂಟೆ ನೀರು

ಯಾರಾದರೂ ನಿಮಗೆ "ಎಲ್ಲಾ ಸರಿಯಾಗೈತೆ ಮೇಡಂ, ಕಂಪ್ಯೂಟ್ರಿಗೆ ಹಾಕ್ಕೊಟ್ರೆ ಸಾಕು" ಎಂದರೆ ತಕ್ಷಣ ಪೆನ್ನು ತೆಗೆಯಬೇಡಿ. ಚಪ್ಪಲಿ ಬಿಟ್ಟು, ಒಂದು ಲೋಟ ನೀರು ಕೇಳಿ, ಅಲ್ಲೇ ಕೂತುಬಿಡಿ. ಅಲ್ಲಿ ಏನೋ ಇದೆ. ಮುಚ್ಚಿಡುವಂಥದ್ದು ಇರಬಹುದು, ಹೇಳಲು ಹೆದರಿಕೆಯಾಗುವಂಥದ್ದು ಇರಬಹುದು, ಇಲ್ಲವೇ ಇದನ್ನೂ ಹೇಳಬೇಕು ಎಂದು ಅವರಿಗೆ ಹೊಳೆಯದೇ ಇರುವಂಥದ್ದು ಇರಬಹುದು. ಈ ಮೂರರಲ್ಲಿ ಯಾವುದು ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ. ನಾನು ಒಂದು ಸಲ ಒಂದನ್ನು ಇನ್ನೊಂದು ಎಂದುಕೊಂಡು ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದೆ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯಲು ಕೂತಿದ್ದೇನೆ.

ತುಮಕೂರಿನ ಶಿರಾ ಗೇಟ್ ಹತ್ತಿರ ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕಾರ್ಖಾನೆ, ಮಂಡಿ, ಸಣ್ಣಪುಟ್ಟ ಕಚೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಪ್ರೋಗ್ರಾಂ ಬರೆಯುವ ಹುಡುಗರು ಬೇರೆ. ಅವರು ಬರೆಯುವ ಮೊದಲು ಗಿರಾಕಿಗೆ ನಿಜವಾಗಿ ಏನು ಬೇಕು ಎಂದು ಕೇಳಿ, ಕಾಗದದ ಮೇಲೆ ಇಳಿಸಿ, ಸಹಿ ಹಾಕಿಸಿಕೊಂಡು ಬರುವವಳು ನಾನು. ಆ ಕಾಗದಕ್ಕೆ ರಿಕ್ವೈರ್ಮೆಂಟ್ ಎನ್ನುತ್ತಿದ್ದೆವು. ಸಿ.ಎಸ್. ಪುರದಲ್ಲಿದ್ದ ನಮ್ಮಮ್ಮನಿಗೆ ಇದನ್ನು ವಿವರಿಸಿದಾಗ, "ಊರೂರು ಸುತ್ತಿ ಜನುಕ್ಕೆ ಏನ್ ಬೇಕು ಅಂತ ಕೇಳ್ಕಂಡ್ ಬರೋದಾ? ಅದುಕ್ಕೂ ಸಂಬ್ಳ ಕೊಡ್ತಾರೇನೇ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. ಕೊನೆಯವರೆಗೂ ಅವಳಿಗೆ ನಂಬಿಕೆ ಬರಲಿಲ್ಲ. ಸರ್ಕಾರದ ಜನಗಣತಿ ಕೆಲಸ ಎಂದೇ ನೆಂಟರಿಗೆ ಹೇಳುತ್ತಿದ್ದಳು.

ನನ್ನ ಮೇಲಧಿಕಾರಿ ನಾಗರಾಜಪ್ಪನವರು ಕಂಪನಿ ಕಟ್ಟುವ ಮೊದಲು ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದವರು. ಕೆಲಸಕ್ಕೆ ಸೇರಿದ ದಿನವೇ ನನಗೆ ಹೇಳಿದರು: "ಗಿರಿಜಾ, ಗಿರಾಕಿ ದೇವ್ರು ಗೀವ್ರು ಅಲ್ಲ ಕಣಮ್ಮ. ಅವ್ನು ಸಾಕ್ಷಿ. ಸಾಕ್ಷಿ ಹೇಳೋದನ್ನೆಲ್ಲ ಬರ್ಕೋ, ಆದ್ರೆ ಒಂದನ್ನೂ ನಂಬ್ಬೇಡ. ಕೊನೇಗೆ ಸಹಿ ಮಾತ್ರ ಮರೀಬೇಡ." ನಾನು ಮೊದಲೇ ಅನುಮಾನದ ಪ್ರಾಣಿ. ಹಾಲಿನವನ ಅಳತೆ ಪಾತ್ರೆಯನ್ನು ತಿರುಗಿಸಿ ನೋಡುವವಳು. ಅದಕ್ಕೆ ಇದೊಂದು ಉಪದೇಶ ಬೇರೆ ಸಿಕ್ಕಿತು. "ನಿನಗೆ ಉಪ್ಪಿಟ್ಟಿಗೆ ಉಪ್ಪು ಹಾಕಿದೀನಿ ಅಂದ್ರೂ ಇಬ್ಬರು ಸಾಕ್ಷಿ ಬೇಕು" ಎಂದು ನಮ್ಮ ಮನೆಯವರು ಹಂಗಿಸುತ್ತಿದ್ದರು.

ಆ ಅನುಮಾನ ನನಗೆ ಅನ್ನ ಕೊಟ್ಟದ್ದೂ ನಿಜ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಕೆಲಸವನ್ನು ಕಂಪ್ಯೂಟರಿಗೆ ಹಾಕಬೇಕಿತ್ತು. ಮ್ಯಾನೇಜರು ಗಾಜಿನ ಕೋಣೆಯಲ್ಲಿ ಕೂರಿಸಿ, ಸಾಮಾನು ಹೊರಗೆ ಹೋದ ತಕ್ಷಣ ಸ್ಟೋರ್‌ಕೀಪರ್ ರಿಜಿಸ್ಟರಿನಲ್ಲಿ ಬರೆಯುತ್ತಾನೆ ಎಂದು ಚೊಕ್ಕವಾಗಿ ಹೇಳಿದರು. ರಿಜಿಸ್ಟರು ನೋಡಿದೆ. ಸೋಮವಾರದಿಂದ ಶನಿವಾರದವರೆಗೆ ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓಟ. ಮೂರು ದಿನ ಸ್ಟೋರ್‌ಕೀಪರನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಅವನು ವಾರವೆಲ್ಲ ಸೀಮೆಸುಣ್ಣದಲ್ಲಿ ಬಾಗಿಲ ಹಿಂದೆ ಗೀಟು ಹಾಕಿ, ಶನಿವಾರ ಎಲ್ಲವನ್ನೂ ರಿಜಿಸ್ಟರಿಗೆ ಏರಿಸುತ್ತಿದ್ದ. ಮ್ಯಾನೇಜರಿಗೆ ಆ ಬಾಗಿಲಿನ ಸುದ್ದಿಯೇ ಗೊತ್ತಿರಲಿಲ್ಲ. ನಿಜವಾದ ರಿಜಿಸ್ಟರು ಬಾಗಿಲೇ ಆಗಿತ್ತು.

ಗುಬ್ಬಿಯ ಕೊಬ್ಬರಿ ವ್ಯಾಪಾರಿಯ ಹತ್ತಿರ ಮಾತ್ರ ಮುಖಭಂಗವಾಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಅವರು ದರ್ಜೆ ಹೇಳುತ್ತಿದ್ದರು. ಎಷ್ಟು ದರ್ಜೆ ಎಂದು ಕೇಳಿದೆ. "ಮೂರು" ಎಂದರು. ಮೂರೇ ಮಾಡಿಕೊಟ್ಟೆವು. ಹದಿನೈದು ದಿನಕ್ಕೆ ಫೋನು: "ಏನಮ್ಮಾ, ನೋಡಾಣ ಅನ್ನೋದನ್ನೇ ಬಿಟ್ಬಿಟ್ಟಿದೀರಲ್ಲ!" ಅಲ್ಲಾಡಿಸಿದಾಗ ಸದ್ದು ಅನುಮಾನವಾಗಿ ಬಂದರೆ ಅವರು 'ನೋಡಾಣ' ಎಂದು ಆ ಕಾಯನ್ನು ಮತ್ತೆ ಅಟ್ಟಕ್ಕೆ ಕಳಿಸುತ್ತಿದ್ದರಂತೆ. ಅದು ದರ್ಜೆಯಲ್ಲವಲ್ಲ, ಅದಕ್ಕೇ ಹೇಳಲಿಲ್ಲವಂತೆ. ನಾನು ಅವರ ಅಂಗಡಿಯಲ್ಲಿ ಎರಡು ದಿನ ಕೂತಿದ್ದೆ, ಆ ಮಾತನ್ನು ಹತ್ತಾರು ಸಲ ಕೇಳಿದ್ದೆ, ಸುಮ್ಮನೆ ಗೊಣಗಾಟ ಎಂದುಕೊಂಡಿದ್ದೆ. ನಾಗರಾಜಪ್ಪನವರು ಮೂರು ಎಂದು ಬರೆದಿದ್ದ ಸಹಿ ಕಾಗದವನ್ನು ವ್ಯಾಪಾರಿಯ ಮುಂದೆ ಹಿಡಿದು ಗೆದ್ದು ಬಂದರು. ನನಗೆ ಆಗಲೇ ಆ ಗೆಲುವು ಸರಿ ಕಾಣಲಿಲ್ಲ, ಆದರೂ ಬಾಯಿ ಬಿಡಲಿಲ್ಲ.

ಈಗ ತಿಮ್ಮಯ್ಯನ ವಿಷಯ.

ಕುಣಿಗಲ್ ಕಡೆಯ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ. ಓದಿದವರು ಹುಡುಕಿಕೊಂಡು ಹೋಗುವುದು ನನಗೆ ಬೇಡ. ಊರಿಗೊಂದು ಓವರ್‌ಹೆಡ್ ಟ್ಯಾಂಕು, ಅದರಿಂದ ಐದು ಬೀದಿಗೆ ಐದು ವಾಲ್ವು. ಅವನ್ನು ತೆರೆದು ಮುಚ್ಚುವ ನೀರುಗಂಟಿ ತಿಮ್ಮಯ್ಯ, ಗುತ್ತಿಗೆ ಕೆಲಸಗಾರ, ಐವತ್ತು ದಾಟಿದವನು. ಫೈಲಿನ ಪ್ರಕಾರ ದಿನ ಬಿಟ್ಟು ದಿನ ಪ್ರತಿ ಬೀದಿಗೆ ಒಂದು ಗಂಟೆ ನೀರು. ಆದರೆ ಯಾರಿಗೆ ಎಷ್ಟು ಹೊತ್ತು ಬರುತ್ತದೆ ಎಂಬುದರ ಮೇಲೆ ದಿನಾ ಜಗಳ. ಅದಕ್ಕೆ ಅಲ್ಲಿನ ನೀರು ಸರಬರಾಜಿನ ಇಂಜಿನಿಯರಿಗೆ ಒಂದು ಸಣ್ಣ ವ್ಯವಸ್ಥೆ ಬೇಕಾಗಿತ್ತು. ತಿಮ್ಮಯ್ಯನ ಕೈಗೊಂದು ಫೋನು ಕೊಡುವುದು. ವಾಲ್ವು ತಿರುಗಿಸಿದಾಗ 'ತೆರೆದೆ', ನಿಲ್ಲಿಸಿದಾಗ 'ಮುಚ್ಚಿದೆ' ಎಂಬ ಗುಂಡಿ ಒತ್ತಿದರೆ ಬೀದಿಯವರಿಗೆ ಸಂದೇಶ ಹೋಗಬೇಕು, ಹೊತ್ತು ದಾಖಲಾಗಬೇಕು. ಅಷ್ಟೇ. ಇಂಜಿನಿಯರು ಕೇಳಿದ್ದು ಅಷ್ಟೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ತಿಮ್ಮಯ್ಯನನ್ನು ಇಂಜಿನಿಯರ ಕಚೇರಿಯ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದೆ.

"ಒಂದೊಂದು ಬೀದಿಗೆ ಎಷ್ಟೊತ್ತು ಬಿಡ್ತೀಯಪ್ಪ?"

"ಒಂದ್ ಗಂಟೆ ಮೇಡಂ."

"ಎಲ್ಲಾ ಬೀದಿಗೂ?"

"ಊಂ. ಕರೆಕ್ಟಾಗಿ ಒಂದ್ ಗಂಟೆ. ಎಲ್ಲಾ ಸರಿಯಾಗೈತೆ ಬುಡಿ."

ಅವನು ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ನನ್ನ ಮೂಗು ಚುರುಕಾಯಿತು. ಮಾರನೆಯ ದಿನ ಹೇಳದೆ ಕೇಳದೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಅವನ ಹಿಂದೆ ಬಿದ್ದೆ. ಕೆಳಗಿನ ನಾಲ್ಕು ಬೀದಿಯಲ್ಲಿ ಹೆಚ್ಚುಕಡಿಮೆ ಗಂಟೆಯ ಲೆಕ್ಕ ಸರಿಯಾಗಿತ್ತು. ಕೊನೆಯದು ದಿಬ್ಬದ ಬೀದಿ, ಹೆಸರಿಗೆ ತಕ್ಕಂತೆ ಏರಿನಲ್ಲಿದೆ. ಅಲ್ಲಿ ವಾಲ್ವು ತೆರೆದವನೇ ಏರು ಹತ್ತಿ ತುದಿಯ ಒಂದು ಮನೆಗೆ ಹೋದ. ಆ ಮನೆಯಲ್ಲಿ ಬಟ್ಟೆ ಹೊಲಿಯುವ ಪುಟ್ಟಲಕ್ಷ್ಮಮ್ಮ ಎಂಬಾಕೆ ಕಾಫಿ ಕೊಟ್ಟರು. ತಿಮ್ಮಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತ. ಕೂತೇ ಕೂತ. ಗಂಟೆ ಮುಗಿಯಿತು. ಮೇಲೆ ಮೂವತ್ತೈದು ನಿಮಿಷ ಆಯಿತು. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, ಇಳಿದು ಬಂದು ವಾಲ್ವು ಮುಚ್ಚಿದ.

ಕೆಳಗಿನ ಬೀದಿಯವರೊಬ್ಬರು, ಇಂಜಿನಿಯರ ಜೊತೆ ಓಡಾಡುವ ಮನುಷ್ಯ, ನನ್ನ ಪಕ್ಕ ಬಂದು ನಿಂತು ಹೇಳಿದರು: "ನೋಡುದ್ರಾ ಮೇಡಂ? ಕಾಫಿ ಕೊಟ್ಟೋರಿಗೆ ಒಂದೂವರೆ ಗಂಟೆ, ನಮ್ಗೆ ಒಂದೇ ಗಂಟೆ. ಇನ್ನು ಏನೇನ್ ಈಸ್ಕತಾನೋ ಶಿವನೇ ಬಲ್ಲ."

ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಆದರೂ ನ್ಯಾಯವಾಗಿ ಇನ್ನೊಂದು ಅವಕಾಶ ಕೊಡೋಣವೆಂದು ತಿಮ್ಮಯ್ಯನನ್ನು ನಿಲ್ಲಿಸಿ ಕೇಳಿದೆ. "ಎಷ್ಟು ಹೊತ್ತು ಬಿಟ್ಟೆ ಈಗ?"

ಅವನು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ, ಪೆನ್ನು ನೋಡಿದ. "ಒಂದ್ ಗಂಟೆ ಮೇಡಂ."

"ನಾನು ಗಡಿಯಾರ ನೋಡ್ತಾನೇ ಇದ್ದೆ ಕಣಪ್ಪ."

"ಅಂಗಾ? ಒಂದೈದ್ ನಿಮ್ಸ ಅತ್ತಿತ್ತ ಆಗಿರ್ಬೇಕು ಬುಡಿ" ಎಂದು ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟ.

ನನಗೆ ಕೋಪ ಬಂತು. ಕಣ್ಣೆದುರಿಗೇ ಸುಳ್ಳು! ಶಿರಾ ಗೇಟಿಗೆ ವಾಪಸು ಬಂದವಳು ಅದೇ ಕಾವಿನಲ್ಲಿ ರಿಕ್ವೈರ್ಮೆಂಟ್ ಬರೆದೆ. ಇಂಜಿನಿಯರು ಕೇಳದೇ ಇದ್ದ ಒಂದು ಸಾಲನ್ನು ನಾನೇ ಸೇರಿಸಿದೆ. ಯಾವುದೇ ಬೀದಿಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನೀರು ಬಿಟ್ಟರೆ ಅದು ಲೋಪ ಎಂದು ದಾಖಲಾಗಬೇಕು, ಮೂರು ಲೋಪವಾದರೆ ವರದಿ ತಾನಾಗಿಯೇ ಮೇಲಕ್ಕೆ ಹೋಗಬೇಕು. ಇಂಜಿನಿಯರಿಗೆ ಆ ಸಾಲು ಬಹಳ ಹಿಡಿಸಿತು. "ಇದು ನಮಗೇ ಹೊಳೀಲಿಲ್ಲ ನೋಡಿ" ಎಂದು ಹೊಗಳಿ ಸಹಿ ಹಾಕಿದರು. ನಾಗರಾಜಪ್ಪನವರು ಅವತ್ತು ಆಫೀಸಿಗೆಲ್ಲ ಬಿಸಿ ಬಿಸಿ ವಡೆ ತರಿಸಿದರು. ನಾನೂ ಎರಡು ತಿಂದೆ, ನಾಚಿಕೆಯಿಲ್ಲದೆ.

ವ್ಯವಸ್ಥೆ ಶುರುವಾದ ಒಂದು ವಾರದೊಳಗೆ ಮೂರು ಲೋಪವಾಯಿತು, ಮೂರೂ ದಿಬ್ಬದ ಬೀದಿಯದು. ವರದಿ ಹೋಯಿತು. ಗುತ್ತಿಗೆದಾರ ತಿಮ್ಮಯ್ಯನನ್ನು ಬಿಡಿಸಿ ಬೇರೊಬ್ಬನನ್ನು ಹಾಕಿದ. ನನಗೆ ಸುದ್ದಿ ಬಂದಾಗ, ತಕ್ಕ ಶಾಸ್ತಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಅದನ್ನು ಬಚ್ಚಿಟ್ಟು ಬರೆದರೆ ಇದನ್ನು ಬರೆದು ಏನು ಪ್ರಯೋಜನ?

ಒಂದೂವರೆ ತಿಂಗಳಾದ ಮೇಲೆ ಇಂಜಿನಿಯರು ಫೋನು ಮಾಡಿದರು. ದಿಬ್ಬದ ಬೀದಿಯ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಕಚೇರಿಯ ಮುಂದೆ ಕೂತಿದ್ದಾರೆ, ನಿಮ್ಮ ಸಾಫ್ಟ್‌ವೇರಿನಲ್ಲಿ ಏನೋ ತೊಂದರೆ ಇದೆ, ಬನ್ನಿ ಎಂದರು. ದಾಖಲೆ ತೆಗೆದು ನೋಡಿದೆ. ಹೊಸ ನೀರುಗಂಟಿ ದಿಬ್ಬಕ್ಕೆ ಸರಿಯಾಗಿ ಒಂದು ಗಂಟೆ ಬಿಟ್ಟಿದ್ದ, ಒಂದು ದಿನವೂ ತಪ್ಪಿರಲಿಲ್ಲ. ಲೋಪ ಸೊನ್ನೆ. ನನ್ನ ಅನುಮಾನ ಈಗ ಹೆಂಗಸರ ಮೇಲೆ ತಿರುಗಿತು. ಯಾರೋ ಎತ್ತಿಕಟ್ಟಿದ್ದಾರೆ ಎಂದುಕೊಂಡೇ ಹೋದೆ, ನೇರವಾಗಿ ಪುಟ್ಟಲಕ್ಷ್ಮಮ್ಮನ ಮನೆಗೆ.

ಆಕೆ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಮಾತಾಡಿದರು.

"ತಿಮ್ಮಣ್ಣನಿಗೆ ಕಾಫಿ ಕೊಡ್ತಿದ್ದೆ, ಹೂಂ. ನಮ್ಮನೇದು ಎಲ್ರಿಗಿಂತ ಎತ್ರದ ನಲ್ಲಿ. ಇಲ್ಲಿಗ್ ನೀರ್ ಬಂತು ಅಂದ್ರೆ ಬೀದಿಗೆಲ್ಲಾ ಬಂದೈತೆ ಅಂತ. ನಮ್ಮನೇಲಿ ಎರಡು ಬಿಂದಿಗೆ ತುಂಬೋಗಂಟ ಕೂತಿರೋನು, ತುಂಬುದ್ರೆ ಎದ್ದೋಗಿ ಮುಚ್ಚೋನು. ಬರಿ ಜಗಲೀಲಿ ಎಷ್ಟೊತ್ತು ಕೂರುಸ್ಲಿ ಆ ಮನುಷ್ಯನ್ನ? ಅದಕ್ಕೆ ಕಾಫಿ."

"ಗಂಟೆ ಲೆಕ್ಕ?"

"ಗಂಟೆ ಯಾರು ನೋಡ್ತಾರೆ? ಒಂದಿನ ಮುಕ್ಕಾಲು ಗಂಟೇಗೆ ಬರೋದು, ಒಂದಿನ ಒಂದೂವರೆ ಗಂಟೆಯಾದ್ರೂ ಇಲ್ಲ. ಕೆಳಗಿನೋರು ನಲ್ಲಿಗೇ ಮೋಟ್ರು ಇಟ್ಟು ಎಳ್ಕಂಡ್ರೆ ಪೈಪಲ್ಲಿ ಏನ್ ಉಳಿತದೆ? ನಿಮ್ಗೆ ಕಿವಿ ಕಚ್ಚಿದ್ನಲ್ಲ ಒಬ್ಬ, ಅವನ ಮನೇಲೇ ಎರಡು ಮೋಟ್ರವೆ."

ನಾನು ಆ ದಿನ ಒಂದೂವರೆ ಗಂಟೆ ಆ ಮನೆಯ ಎದುರು ನಿಂತಿದ್ದೆ. ಕಾಫಿ ಲೋಟ ಬರೆದುಕೊಂಡಿದ್ದೆ, ಚಾಚಿದ ಕಾಲು ಬರೆದುಕೊಂಡಿದ್ದೆ. ನಲ್ಲಿಯ ಕೆಳಗಿದ್ದ ಬಿಂದಿಗೆಯನ್ನು ನೋಡಿಯೂ ಬರೆದುಕೊಂಡಿರಲಿಲ್ಲ. ಎಲ್ಲರ ಮನೆ ಅಂಗಳದಲ್ಲೂ ಬಿಂದಿಗೆ ಇರುತ್ತದಲ್ಲ! ಎರಡು ಬಿಂದಿಗೆಯ ಲೆಕ್ಕದಲ್ಲಿ ಅವನು ಆ ಬೀದಿಗೆ ನೀರು ಹಂಚುತ್ತಿದ್ದ. ಯಾವ ಫೈಲಿನಲ್ಲೂ ಇಲ್ಲದ ಆ ಲೆಕ್ಕವನ್ನು ಹುಡುಕಿ ತರಲೆಂದೇ ನನ್ನನ್ನು ಕಳಿಸಿದ್ದು. ನಾನು ಅದರ ಬದಲು ಒಬ್ಬ ಕಳ್ಳನನ್ನು ಹುಡುಕಿ ತಂದಿದ್ದೆ. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ ಎಂದು ಆ ಏರಿನಲ್ಲೇ ನಿಂತು ಬೈದುಕೊಂಡೆ.

ತಿಮ್ಮಯ್ಯನ ಮನೆ ಕೇಳಿಕೊಂಡು ಹೋದೆ. ಇಟ್ಟಿಗೆ ಗೂಡಿನ ಕೆಲಸದಿಂದ ಆಗಷ್ಟೇ ಬಂದಿದ್ದ, ಮೈಯೆಲ್ಲ ಕೆಂಪು ಧೂಳು. ಬಾಣಂತನಕ್ಕೆ ಬಂದಿದ್ದ ಮಗಳು ಒಳಗೆ ಮಗುವನ್ನು ತೂಗುತ್ತಿದ್ದಳು. ಬೈಯುತ್ತಾನೆ ಎಂದುಕೊಂಡಿದ್ದೆ. ಚಾಪೆ ಹಾಸಿ, "ಕೂತ್ಕಳಿ ಮೇಡಂ" ಎಂದ. ಅದು ಇನ್ನೂ ಚುಚ್ಚಿತು.

"ಎರಡು ಬಿಂದಿಗೆ ವಿಷಯ ನನಗೆ ಯಾಕಪ್ಪ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಎಷ್ಟೊತ್ತು ಬಿಡ್ತೀಯ ಅಂದ್ರಿ. ಯಾವಾಗ ಮುಚ್ತೀಯ ಅನ್ಲಿಲ್ವಲ್ಲ."

"ಒಂದು ಗಂಟೆ ಅಂತ ಯಾಕೆ ಸುಳ್ಳು ಹೇಳ್ದೆ?"

"ಕಾಗದದಾಗೆ ಒಂದ್ ಗಂಟೆ ಅಂತ ಐತೆ. ನಾನು ಬ್ಯಾರೆ ಯೋಳುದ್ರೆ ನೀವು ಬರ್ಕಂಡು ಸಾಹೇಬ್ರಿಗೆ ಕೊಡ್ತೀರಿ. ಗುತ್ತಿಗೆಯವ್ನು ನಾನು. ಮೋಟ್ರು ಇಟ್ಟೋರ ಎಸ್ರು ಯೋಳುದ್ರೆ ಊರಾಗ್ ಬಾಳಕಾಯ್ತದಾ?"

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ ಮಾತ್ರ ತಡೆಯಲಾಗಲಿಲ್ಲ. "ಲೇಟಾಯ್ತು ಲೇಟಾಯ್ತು ಅಂತ ಮೂರ್ ಸಲ ಬರ್ಕಂತಲ್ಲ ನಿಮ್ ಫೋನು, ಯಾಕ್ ಲೇಟಾಯ್ತು ಅಂತ ಒಂದ್ ಸಲ ಕೇಳಾಕೆ ಅದುಕ್ಕೆ ಬಾಯಿರ್ನಿಲ್ವಾ?"

ಇರಲಿಲ್ಲ. ಕಾರಣ ಬರೆಯಲು ನಾನು ಜಾಗವನ್ನೇ ಇಟ್ಟಿರಲಿಲ್ಲ. ಕಳ್ಳನಿಗೆ ಕಾರಣ ಹೇಳಲು ಜಾಗ ಕೊಟ್ಟರೆ ಸುಳ್ಳು ಬರೆಯುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ತುಮಕೂರಿಗೆ ಬಂದು ನಾಗರಾಜಪ್ಪನವರ ಮುಂದೆ ಎಲ್ಲವನ್ನೂ ಹೇಳಿದೆ. ಆ ಸಾಲು ನನ್ನದು, ತಪ್ಪು ನನ್ನದು ಎಂದು ಇಂಜಿನಿಯರಿಗೆ ಬರೆದು ಕೊಡುತ್ತೇನೆ ಎಂದೆ. ಅವರ ಮುಖ ಗಂಟಿಕ್ಕಿತು.

"ಹುಚ್ಚು ಹಿಡೀತಾ? ಸಹಿ ಇದೆ ಅವ್ರದು. ಅವರು ಒಪ್ಪಿದ್ದನ್ನ ನಾವು ಮಾಡಿದೀವಿ. ನಾಳೆ ಇದನ್ನೇ ಹಿಡ್ಕೊಂಡು ಪೂರಾ ಕೆಲಸಾನೇ ತಪ್ಪು ಅಂತಾರೆ."

"ಸಹಿ ಅವರದು ಸರ್. ಸಾಲು ನಂದು."

"ನೋಡಮ್ಮ, ಬರೀತೀಯಾ ಬರಿ. ಕಂಪನಿ ಕಾಗದದ ಮೇಲೆ ಬೇಡ."

ಬಿಳಿ ಹಾಳೆಯ ಮೇಲೆ ಬರೆದೆ. ನನ್ನ ಅನುಭವದಲ್ಲಿ ಅಷ್ಟು ಸಣ್ಣ ದಾಖಲೆಯನ್ನು ನಾನು ಬರೆದದ್ದೇ ಇಲ್ಲ, ಅಷ್ಟು ಹೊತ್ತು ತೆಗೆದುಕೊಂಡದ್ದೂ ಇಲ್ಲ. ನಾಗರಾಜಪ್ಪನವರು ಆಮೇಲೆ ಬಹಳ ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಅವರಿಗೂ ನನ್ನ ಮೇಲೆ ಅನುಮಾನ ಹತ್ತಿತ್ತು. ಇವಳು ಇನ್ನು ಯಾವ ಗಿರಾಕಿಗೆ ಏನು ಬರೆದುಕೊಡುತ್ತಾಳೋ ಎಂದು.

ನಡುವೆ ಒಂದು ಮಾತು. ನಾನು ಸೇರಿದಾಗ ರೂಲ್ಡ್ ಪುಸ್ತಕ, ಆಮೇಲೆ ಅಚ್ಚು ಮಾಡಿದ ಫಾರಂ, ಆಮೇಲೆ ವಿಡಿಯೋ ಕಾಲು. ಈಗ ಮೀಟಿಂಗಿನ ಮಾತನ್ನೆಲ್ಲ ಯಂತ್ರವೇ ಕೇಳಿಸಿಕೊಂಡು ರಿಕ್ವೈರ್ಮೆಂಟ್ ಬರೆದುಕೊಡುತ್ತದಂತೆ, ನನ್ನ ಜಾಗಕ್ಕೆ ಬಂದ ಹುಡುಗಿ ಹೆಮ್ಮೆಯಿಂದ ತೋರಿಸಿದಳು. ಚೆನ್ನಾಗೇ ಬರೆದಿತ್ತು. ತಿಮ್ಮಯ್ಯ ಹೇಳಿದ್ದರೆ ಅದೂ ಒಂದು ಗಂಟೆ ಎಂದೇ ಬರೆಯುತ್ತಿತ್ತು. ಅದನ್ನು ಬೈಯುವ ಹಕ್ಕು ನನಗಿಲ್ಲ, ಯಾಕೆಂದರೆ ಅದು ತನ್ನ ಕಡೆಯಿಂದ ಯಾರೂ ಕೇಳದ ಸಾಲೊಂದನ್ನು ಸೇರಿಸುತ್ತಿರಲಿಲ್ಲ. ಅನುಮಾನ ಬೇಡ ಎಂದು ಹೇಳುತ್ತಿಲ್ಲ. ಮಾತಿನ ಮೇಲೆ ಅನುಮಾನ ಪಡಿ, ಫೈಲಿನ ಮೇಲೆ ಪಡಿ, ನಿಮ್ಮ ಕಿವಿಗೆ ಬಂದು ಚಾಡಿ ಹೇಳುವವರ ಮೇಲೆ ಇನ್ನೂ ಹೆಚ್ಚು ಪಡಿ. ನನಗೆ ಎಲ್ಲರ ಮೇಲೂ ಅನುಮಾನವಿತ್ತು, ನನ್ನ ಅನುಮಾನದ ಮೇಲೆ ಮಾತ್ರ ಇರಲಿಲ್ಲ.

ಇಂಜಿನಿಯರಿಗೆ ನನ್ನ ಕಾಗದ ಅನುಕೂಲಕ್ಕೇ ಬಂತು. ಬಿಂದಿಗೆ ಹಿಡಿದ ಹೆಂಗಸರಿಗೆ ಏನಾದರೂ ಹೇಳಬೇಕಿತ್ತಲ್ಲ. ಆ ಸಾಲನ್ನು ತೆಗೆಸಿದರು. ದಿಬ್ಬದ ಬೀದಿಗೆ ನೀರು ಬಿಡುವ ಹೊತ್ತನ್ನು ನೀರುಗಂಟಿಯೇ ತೀರ್ಮಾನಿಸಬಹುದು ಎಂದು ಹೊಸದಾಗಿ ಬರೆದೆ. ತಿಮ್ಮಯ್ಯನನ್ನು ವಾಪಸು ಕರೆಸಿದರು. ನಾನು ಮನೆಯಲ್ಲಿ ಪಾಯಸ ಮಾಡಿದೆ. ನಮ್ಮ ಮನೆಯವರು ಏನು ವಿಶೇಷ ಎಂದು ಕೇಳಿದರೆ ಇನ್ನೊಂದು ಸೌಟು ಬಡಿಸಿದೆ.

ಅವನು ಕೆಲಸಕ್ಕೆ ಬಂದ ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೋದೆ. ದಿಬ್ಬದ ಬೀದಿಯ ಬುಡದಲ್ಲಿ ತಿಮ್ಮಯ್ಯ ವಾಲ್ವಿನ ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ, ಕೈಯಲ್ಲಿ ಫೋನು. ಏರು ಹತ್ತಿರಲಿಲ್ಲ. ಫೋನಿನಲ್ಲಿ ಹೊತ್ತು ನೋಡುತ್ತಿದ್ದ. ಒಂದು ಗಂಟೆಯಾಗುತ್ತಲೇ ಎದ್ದು ಕೀಲಿ ಇಳಿಸಿದ.

"ತಿಮ್ಮಯ್ಯ, ತಡಿ! ಮೇಲಿನ ಮನೇಗೆ ನೀರು ಹತ್ತಿದೆಯೋ ಇಲ್ವೋ ನೋಡಪ್ಪ. ಈಗ ನೀನು ಎಷ್ಟೊತ್ತು ಬೇಕಾದ್ರೂ ಬಿಡಬಹುದು. ನಿಯಮಾನೇ ಬದಲಾಯ್ತು."

"ಅಂಗಂತ ಬರವಣಿಗೇಲಿ ಐತಾ ಮೇಡಂ?"

"ಇದೆ, ಇಲ್ನೋಡು" ಎಂದು ಚೀಲದಿಂದ ಕಾಗದ ತೆಗೆದು, ಅವನ ಮುಂದೆ ಬೆರಳಿಟ್ಟು ಓದಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಇದುನ್ನ ಬರ್ದೋರು ಯಾರು?"

"ನಾನೇ."

"ವೋದ್ ಸಲದ್ದೂ ನೀವೇ ಅಲ್ವಾ ಬರ್ದಿದ್ದು?"

ಮೇಲಿನಿಂದ ಪುಟ್ಟಲಕ್ಷ್ಮಮ್ಮನ ಕೂಗು ಕೇಳಿಸಿತು. "ತಿಮ್ಮಣ್ಣಾ, ಇನ್ನೂ ಬಂದಿಲ್ಲ ಕಣಣ್ಣೋ!"

ತಿಮ್ಮಯ್ಯ ಆ ಕಡೆ ತಲೆ ಎತ್ತಲಿಲ್ಲ. ಕೀಲಿ ತಿರುಗಿಸಿ ವಾಲ್ವು ಮುಚ್ಚಿದ. ಕೈಯನ್ನು ಪಂಚೆಗೆ ಒರೆಸಿಕೊಂಡು, ನನಗೆ ಕಾಣುವ ಹಾಗೆ ಫೋನನ್ನು ಹಿಡಿದು, 'ಮುಚ್ಚಿದೆ' ಗುಂಡಿ ಒತ್ತಿದ.